ಮೀಟರಿಗೆ ಗೊತ್ತಿಲ್ಲದ ಕಿಲೋಮೀಟರುಗಳು

ಪೂಜ್ಯ ಭಾವನವರಿಗೆ ನಮಸ್ಕಾರಗಳು.

'ಪೂಜ್ಯ' ಅನ್ನುವುದನ್ನು ಹಲ್ಲು ಕಚ್ಚಿಕೊಂಡು ಬರೆದಿದ್ದೇನೆ. ಹಾಗೆ ಕಚ್ಚಿದರೆ ಹಲ್ಲು ಸವೆಯುತ್ತದೆ ಎಂದು ನೀವೇ ನನ್ನನ್ನು ನಿಮ್ಮ ಕ್ಲಿನಿಕ್ಕಿನ ಕುರ್ಚಿಯಲ್ಲಿ ಮಲಗಿಸಿ ಎಷ್ಟೋ ಸಲ ಬೈದಿದ್ದೀರಿ. ಏನು ಮಾಡಲಿ, ಆ ಕಾರು ನಿಮ್ಮ ಮನೆ ಸೇರಿದ ನಾಲ್ಕು ತಿಂಗಳಿಂದ ನನ್ನ ಹಲ್ಲಿಗೆ ಬಿಡುವೇ ಇಲ್ಲ.

ನೀವು ಕೇಳಿದ್ದು ಒಂದು ಪುಟದ ಪತ್ರ. ಆ ನೀಲಿ ಇಟಾಲಿಯನ್ ಕಾರನ್ನು ಇಪ್ಪತ್ತೇಳು ವರ್ಷ ನೋಡಿಕೊಂಡ ಮೆಕ್ಯಾನಿಕ್ ನಾನೇ ಎಂದೂ, ಅದು ಹುಟ್ಟಿದಾಗಿನಿಂದ ಓಡಿದ್ದು ಮೀಟರಿನಲ್ಲಿರುವ ಒಂಬತ್ತು ಸಾವಿರದ ನಾನೂರ ಹನ್ನೆರಡು ಕಿಲೋಮೀಟರ್ ಮಾತ್ರ ಎಂದೂ ಬರೆದು ಸಹಿ ಹಾಕಬೇಕು. ಅದಕ್ಕೆ ಗಾಜಿನ ಕಟ್ಟು ಹಾಕಿಸಿ ಮುಂದಿನ ತಿಂಗಳು ಹಳೆಯ ಕಾರುಗಳ ಪ್ರದರ್ಶನದಲ್ಲಿ ಬಾನೆಟ್ ಪಕ್ಕ ನಿಲ್ಲಿಸುತ್ತೀರಂತೆ. ಆ ಪತ್ರ ಇದೇ. ಸ್ವಲ್ಪ ಉದ್ದವಾಗಿದೆ, ತಾಳ್ಮೆಯಿಂದ ಓದಿ.

ಮೊದಲು ಹೊಟ್ಟೆಕಿಚ್ಚಿನ ವಿಷಯ ಮುಗಿಸಿಬಿಡುತ್ತೇನೆ, ಇಲ್ಲದಿದ್ದರೆ ಅದು ಸಾಲುಸಾಲಿನ ನಡುವೆ ಮೂಗು ತೂರಿಸುತ್ತದೆ. ಕಾರಿನ ಯಜಮಾನರಾದ ಕ್ಯಾಪ್ಟನ್ ತೀರಿಕೊಂಡರು, ಅವರ ಮಗಳು ಕಾರು ಮಾರುತ್ತಾಳಂತೆ ಎಂದು ನಿಮ್ಮ ಮನೆಯ ಊಟದ ಮೇಜಿನಲ್ಲಿ ಬಾಯಿ ಬಿಟ್ಟವನು ನಾನೇ. ಮೂರನೇ ದಿನ ನೀವು ಕೊಂಡು ಕೂತಿದ್ದಿರಿ. ಅದನ್ನು ಕೊಳ್ಳುವ ತಾಕತ್ತು ನನಗಿರಲಿಲ್ಲ, ಒಪ್ಪುತ್ತೇನೆ. ಆದರೂ ನನ್ನನ್ನು ಒಂದು ಮಾತು ಕೇಳಬಹುದಿತ್ತು. ನೀವು ಕೇಳಿದ್ದು, "ಪಾಲಿಶ್ ಯಾವುದು ಹಾಕ್ತಿದ್ದೆ?" ಅಂತ. ಅವತ್ತು ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ನಿಮ್ಮನ್ನು ಬೈದ ಬೈಗುಳಗಳನ್ನು ಇಲ್ಲಿ ಬರೆದರೆ ಕಟ್ಟು ಹಾಕಿಸಲು ಆಗುವುದಿಲ್ಲ.

ಈಗ ಕ್ಯಾಪ್ಟನ್ ವಿಷಯ. ಅವರು ವರ್ಷದಲ್ಲಿ ಎಂಟು ತಿಂಗಳು ಹಡಗಿನಲ್ಲಿರುತ್ತಿದ್ದರು. ಅದಕ್ಕೇ ಆ ಕಾರು ಓಡಿದ್ದು ಅಷ್ಟು ಕಡಿಮೆ. ಹೊರಡುವಾಗ ಬೀಗದ ಕೈ ನನ್ನ ಕೈಗಿಟ್ಟು, "ವಾರಕ್ಕೊಂದ್ಸಲ ಎಬ್ಬಿಸು, ಹತ್ತು ನಿಮಿಷ ಗುರುಗುಟ್ಟಲಿ. ಗೇಟು ಮಾತ್ರ ದಾಟಿಸ್ಬೇಡ" ಅನ್ನುತ್ತಿದ್ದರು. ನಾನು ದಾಟಿಸಿದೆ. ನಿಂತೇ ಇರುವ ಕಾರಿನ ಸೀಲುಗಳು ಒಣಗುತ್ತವೆ, ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಂಟಾಗುತ್ತದೆ. ಅದು ನಿಜವೂ ಹೌದು, ನನ್ನ ನೆಪವೂ ಹೌದು. ಕಾರಿನ ಕೆಳಗೆ ತೂರಿದರೆ ಗೇರ್‌ಬಾಕ್ಸಿನಿಂದ ಮೀಟರಿಗೆ ಹೋಗುವ ಕೇಬಲ್ ಸಿಗುತ್ತದೆ, ಬರಿಗೈಯಲ್ಲೇ ತಿರುಗಿಸಿ ಬಿಚ್ಚಬಹುದು. ಬಿಚ್ಚಿದರೆ ಕಾರು ಎಲ್ಲಿಗೆ ಹೋದರೂ ಮೀಟರು ಕಣ್ಣು ಮುಚ್ಚಿ ಕೂತಿರುತ್ತದೆ. ಐದು ವರ್ಷ ಹೀಗೆ ನಡೆಯಿತು.

ಕ್ಯಾಪ್ಟನ್‌ಗೆ ಗೊತ್ತಿತ್ತು ಅಂತ ಕಾಣುತ್ತದೆ. ಒಮ್ಮೆ ಬಂದವರು ಬಗ್ಗಿ ನೋಡಿ, "ಏನಯ್ಯಾ, ನಿಂತಲ್ಲೇ ಟೈರು ಸವೆಯುತ್ತಾ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಒಳಗೆ ಹೋಗಿ ಹೊಸ ಟೈರು ತರಿಸಲು ಫೋನ್ ಮಾಡಿದರು. ಬಾಯೊಳಗೆ ನೋಡಿ ಮನುಷ್ಯನ ವಯಸ್ಸು ಹೇಳುವ ನೀವು ಆ ಕ್ಲಚ್ ಪೆಡಲಿನ ರಬ್ಬರನ್ನು ಒಮ್ಮೆಯಾದರೂ ಸರಿಯಾಗಿ ನೋಡಬೇಕಿತ್ತು ಭಾವ. ಒಂಬತ್ತು ಸಾವಿರಕ್ಕೆ ಅಷ್ಟು ನುಣುಪಾಗುವುದಿಲ್ಲ.

ಆ ರಬ್ಬರು ಸವೆಸಿದ್ದು ನನ್ನ ಕಾಲಲ್ಲ, ಅಕ್ಕನ ಕಾಲು.

ಹೌದು, ನಿಮ್ಮ ಹೆಂಡತಿಯೇ. ಆಗ ಅವಳು ವಾರವಿಡೀ ಟೈಪಿಂಗ್ ಕಲಿಸಿ ಬೆರಳು ನೋಯಿಸಿಕೊಳ್ಳುತ್ತಿದ್ದಳು. ಭಾನುವಾರ ಗಾಳಿ ಕುಡಿಯಲೆಂದು ನನ್ನ ಜೊತೆ ಬಂದಳು. ಎರಡು ವಾರ ಸುಮ್ಮನೆ ಪಕ್ಕದಲ್ಲಿ ಕೂತಳು. ಮೂರನೇ ವಾರ, "ಏಳೋ, ಆ ಕಡೆ ಕೂತ್ಕೋ" ಅಂದಳು. ತಿಂಗಳೊಳಗೆ ನನಗಿಂತ ಚೆನ್ನಾಗಿ ಓಡಿಸತೊಡಗಿದಳು. ನಾನು ಹಿಡಿದರೆ ಕೆಮ್ಮುವ ಎಂಜಿನ್ ಅವಳು ಹಿಡಿದರೆ ಹಾಡುತ್ತಿತ್ತು. ಹೊಟ್ಟೆಕಿಚ್ಚು ನನಗೆ ಅಭ್ಯಾಸವಾದದ್ದೇ ಆಗ. ಕ್ಯಾಪ್ಟನ್ ಮನೆಯಿಂದ ಕೆರೆ ಏರಿಯವರೆಗೆ, ಅಲ್ಲಿಂದ ವಾಪಸ್ಸು, ಮೂವತ್ತು ಕಿಲೋಮೀಟರ್. ಬಂದಮೇಲೆ ಡ್ಯಾಶ್‌ಬೋರ್ಡಿನ ಪುಟ್ಟ ಡಬ್ಬಿಯ ಮುಚ್ಚಳದಲ್ಲಿ, ಒಳಬದಿಗೆ ಹೊದಿಸಿದ ಬಟ್ಟೆ ಎತ್ತಿ, ಪೆನ್ಸಿಲಿನಲ್ಲಿ ಒಂದು ಗೀಟು ಎಳೆಯುತ್ತಿದ್ದಳು. ನೂರ ಎಪ್ಪತ್ತಮೂರನೆಯ ಗೀಟು ನಿಮ್ಮ ಮದುವೆಯ ಹಿಂದಿನ ಭಾನುವಾರದ್ದು. "ಇನ್ನು ಸಾಕು ಬಿಡೋ" ಅಂದಳು. ಆಮೇಲೆ ನನಗೂ ಮನಸ್ಸು ಬರಲಿಲ್ಲ. ಗೇಟಿನೊಳಗೇ ಹತ್ತು ನಿಮಿಷ ಗುರುಗುಟ್ಟಿಸಿ ಬೀಗ ಹಾಕುತ್ತಿದ್ದೆ.

ಮೊದಲು ಅವಳನ್ನು ಕರೆದುಕೊಂಡು ಹೋದಿರಿ, ಇಪ್ಪತ್ತೆರಡು ವರ್ಷ ಬಿಟ್ಟು ಕಾರನ್ನೂ ಕೊಂಡುಹೋದಿರಿ. ನನ್ನ ಭಾನುವಾರಗಳೆಲ್ಲ ನಿಮ್ಮ ಒಂದೇ ಮನೆಯಲ್ಲಿ ಇವೆ. ನನಗೆ ಉರಿಯದೆ ಇನ್ನೇನಾಗಬೇಕು ಹೇಳಿ.

ಅದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ಹೋದ ವಾರ ನಿಮ್ಮ ಗ್ಯಾರೇಜಿನಲ್ಲಿ ನಡೆದದ್ದು ಗಂಟಲಲ್ಲಿ ಸಿಕ್ಕಿಕೊಂಡಿದೆ. ತೇವ ಹೀರುವ ಯಂತ್ರ, ನಾಲ್ಕು ದಿಕ್ಕಿಗೆ ದೀಪ, ಕೈಗೆ ಬಿಳಿ ಗ್ಲೌಸ್. ಅಕ್ಕ ಕಾಫಿ ತಂದಳು. ನೀವು, "ಅಲ್ಲೇ ನಿಲ್ಲು, ಉಂಗುರ ತಾಗಿ ಗೀರಾದೀತು" ಅಂದಿರಿ. ಆಮೇಲೆ ನನ್ನ ಕಡೆ ತಿರುಗಿ, "ಇವಳಿಗೆ ಕಾರು ಅಂದ್ರೆ ನಾಲ್ಕು ಚಕ್ರ, ಅಷ್ಟೆ" ಅಂದು ನಕ್ಕಿರಿ. ಅವಳೂ ನಕ್ಕಳು. ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ನೀವು ಎಂಜಿನ್ ಹಚ್ಚಿ ಅಂಗಳದಲ್ಲಿ ಒಂದು ಸುತ್ತು ಹೊರಟಿರಿ. ಎರಡನೇ ಗೇರು ಎಂದಿನಂತೆ ಕರಕರ ಹಲ್ಲು ಕಡಿಯಿತು. "ಗೇರ್‌ಬಾಕ್ಸ್ ಬಿಚ್ಚಲೇಬೇಕು ಕಣಯ್ಯ" ಅಂದಿರಿ. ಆ ಸದ್ದಿಗೆ ಅಕ್ಕ ಕಣ್ಣು ಮುಚ್ಚಿದ್ದನ್ನು ನಾನು ನೋಡಿದೆ. ನೀವು ಗೇರಿನ ಕಡೆ ನೋಡುತ್ತಿದ್ದಿರಿ.

ನಿನ್ನೆ ಅವಳಿಗೆ ಫೋನ್ ಮಾಡಿದೆ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಅವರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ" ಅಂದಳು. ನಾನು ಬರೆಯಲಾ ಅಂದೆ. "ಬರಿ. ಅಕ್ಷರ ದೊಡ್ಡದಾಗಿರಲಿ, ಅವರ ಕನ್ನಡಕ ಹುಡುಕೋದೇ ನನಗೊಂದು ಕೆಲಸ" ಅಂದಳು. ಅವಳ ದನಿ ನಡುಗುತ್ತಿತ್ತು ಭಾವ. ನಿಮಗೆ ಸಿಟ್ಟು ಬರುತ್ತದೋ ಎಂಬ ಭಯವೋ, ಆಸೆಯೋ, ನನಗೆ ತಿಳಿಯಲಿಲ್ಲ.

ಹಾಗಾಗಿ ನೀವು ಕೇಳಿದ ದೃಢೀಕರಣ ಇಲ್ಲಿದೆ: ಈ ಕಾರು ಮೀಟರಿನ ಪ್ರಕಾರ 9,412 ಕಿಲೋಮೀಟರ್ ಓಡಿದೆ. ಮೀಟರಿಗೆ ಗೊತ್ತಿಲ್ಲದೆ ಇನ್ನೂ 5,190 ಓಡಿದೆ. ಒಟ್ಟು 14,602. ತಪ್ಪು ಮಾಡಿದವನು ನಾನು, ಸಹಿಯೂ ನನ್ನದೇ. ಪ್ರದರ್ಶನದಲ್ಲಿ ಇದರಿಂದ ನಿಮ್ಮ ಕಾರಿನ ಬೆಲೆ ಇಳಿಯುತ್ತದೆ. ಬರೆಯುವಾಗ ಅದು ನನಗೆ ಸ್ವಲ್ಪ ಖುಷಿಯನ್ನೂ ಕೊಟ್ಟಿತು, ಸುಳ್ಳು ಹೇಳಲಾರೆ. ಹರಿದು ಹಾಕುತ್ತೀರೋ, ಕಟ್ಟು ಹಾಕಿಸುತ್ತೀರೋ, ನಿಮ್ಮಿಷ್ಟ. ಮುಚ್ಚಳದೊಳಗಿನ ಗೀಟುಗಳನ್ನು ಮಾತ್ರ ಒರೆಸಬೇಡಿ.

ಗೇರ್‌ಬಾಕ್ಸ್ ನಾನು ಬಿಚ್ಚುವುದಿಲ್ಲ. ಅದಕ್ಕೇನೂ ಆಗಿಲ್ಲ. ಎರಡನೇ ಗೇರು ಯಾಕೆ ಬೀಳುವುದಿಲ್ಲ ಅಂತ ಅಕ್ಕನನ್ನು ಕೇಳಿ. ಎಣ್ಣೆ ಬಿಸಿಯಾಗುವ ತನಕ ಒಂದರಿಂದ ಸೀದಾ ಮೂರಕ್ಕೆ ಹಾಕಬೇಕು ಅಂತ ಅವಳು ಹೇಳುತ್ತಾಳೆ. ಬಾಯಲ್ಲಿ ಹೇಳಿಸಬೇಡಿ, ಬೀಗದ ಕೈ ಕೊಟ್ಟುಬಿಡಿ. ಕೇಬಲ್ ಜೋಡಿಸಿಯೇ ಇರಲಿ, ಈ ಸಲ ಮೀಟರೂ ನೋಡಲಿ.

ನೀವು ಪಕ್ಕದ ಸೀಟಿನಲ್ಲಿ ಕೂತುಕೊಳ್ಳಿ. ಅದರ ಬಾಗಿಲ ಕಡೆಯ ಅಂಚು ಸ್ವಲ್ಪ ಕುಗ್ಗಿದೆ, ನಾನು ಕೂತು ಕೂತು ಆದದ್ದು. ರಿಪೇರಿ ಮಾಡಿಸಬೇಡಿ, ಅಲ್ಲಿ ಮೊಣಕೈ ಊರಿಕೊಂಡು ಅವಳ ಮುಖ ನೋಡಲು ಆರಾಮವಾಗಿರುತ್ತದೆ.

ದಾರಿ ನುಣುಪಾಗಿರಲಿ, ಇಬ್ಬರೂ ಚೆನ್ನಾಗಿರಿ.

ಇದನ್ನು ಬರೆದು ಮುಗಿಸಿಯೂ ಹೊಟ್ಟೆ ಉರಿಯುತ್ತಲೇ ಇರುವ,
ನಿಮ್ಮ ಬಾಮೈದ