ಪಟಗಳ ಹಿಂದಿನ ಬಟ್ಟೆ

ಸುರಪುರ
9 ನವೆಂಬರ್ 2024

ಅವ್ವಾ,

ನಿನ್ನ ಮಗಳು ರಾಧಿಕಾಳ ನಮಸ್ಕಾರ. ಫೋನ್ ಇರುವಾಗ ಕಾಗದವೇಕೆ ಎನ್ನುತ್ತೀ. ಫೋನಿನಲ್ಲಾದರೆ ನೀನು ನಡುವೆ ಏನಾದರೂ ಕೇಳುತ್ತೀ, ನಾನು ಅಲ್ಲಿಗೇ ಬಾಯಿ ಮುಚ್ಚಿಕೊಳ್ಳುತ್ತೇನೆ. ಇಲ್ಲಿಗೆ ಬಂದಿದ್ದ ತಮ್ಮ ಬಸವಂತ್ರಾಯ ಯಾದಗಿರಿಗೆ ನಿನ್ನ ಹತ್ತಿರ ಮರಳುತ್ತಿದ್ದಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ನೀನು ಶಾಲೆಯಲ್ಲಿ ಪಾಠಕ್ಕೆ ತೂಗುಹಾಕುತ್ತಿದ್ದ, ನನ್ನಲ್ಲಿ ಬಿಟ್ಟುಹೋದ ಇತಿಹಾಸದ ಚಿತ್ರಪಟಗಳು ಈಗ ಇಲ್ಲ. ನಾನೇ ಹಾಳು ಮಾಡಿದೆ.

ದಸರೆಗೆ ಮನೆ ತೊಳೆಯುವಾಗ ಅಟ್ಟದಿಂದ ಸುರುಳಿಗಳನ್ನು ಇಳಿಸಿದೆ. ಹಳೆಯ ಪಟಗಳ ಹಿಂದೆ ತೆಳು ಬಟ್ಟೆ ಅಂಟಿಸಿರುತ್ತಾರಲ್ಲ, ಅದು ರೊಟ್ಟಿ ಬುಟ್ಟಿಗೆ ಹಾಸಲು ಬಹಳ ಚಲೋ, ಬಿಸಿ ರೊಟ್ಟಿಯ ಬೆವರು ಹೀರಿಕೊಳ್ಳುತ್ತದೆ. ನಮ್ಮ ಓಣಿಯಲ್ಲಿ ಹಳೆ ನಕ್ಷೆಗಳನ್ನು ನೆನೆಸಿ ಬಟ್ಟೆ ಬಿಡಿಸಿಕೊಂಡವರು ಇದ್ದಾರೆ. ಪಕ್ಕದ ಮನೆಯ ಯಂಕಮ್ಮ, "ಇವನ್ನ ಈಗ ಯಾರು ನೋಡ್ತಾರ, ನೆನಿ ಹಾಕು" ಅಂದಳು. ಬಟ್ಟೆ ಬೇಕಿತ್ತು, ಹಾಕಿದೆ. ಮಧ್ಯಾಹ್ನಕ್ಕೆ ಅಂಟು ಬಿಟ್ಟಿತು. ಪುಲಕೇಶಿಯ ಕುದುರೆ, ಅಶೋಕನ ಕಿರೀಟ, ಹಂಪಿಯ ಬಜಾರು ಎಲ್ಲ ಹಾಲಿನ ಕೆನೆಯ ಹಾಗೆ ಬೆರಳಿಗೆ ಬಂದವು. ಬಣ್ಣದ ನೀರನ್ನು ಕರಿಬೇವಿನ ಗಿಡಕ್ಕೆ ಸುರಿದೆ.

ಆಮೇಲೆ ದೀಪಾವಳಿಗೆ ನಿನ್ನ ಫೋನ್ ಬಂತು. ನಾರಾಯಣಪುರದಲ್ಲಿ ನಿನ್ನ ಕೈಯಲ್ಲಿ ಕಲಿತ ಬುದ್ಧಪ್ರಿಯ ಈಗ ಶಹಾಪುರದ ಶಾಲೆಯೊಂದರಲ್ಲಿ ಹೆಡ್ ಮಾಸ್ತರ, ಮಕ್ಕಳ ದಿನಕ್ಕೆ ನಿನ್ನಿಂದ ಒಂದು ಪಾಠ ಮಾಡಿಸುತ್ತಾನಂತೆ. ಲಕ್ವಾ ಹೊಡೆದ ಮೇಲೆ ನಿನ್ನ ದನಿಯಲ್ಲಿ ಅಂಥ ಹುರುಪು ನಾನು ಕೇಳಿರಲಿಲ್ಲ. "ಮಾತು ನಡುನಡುವ ಕೈ ಕೊಡ್ತಾವ, ಖರೆ. ಪಟ ಕಣ್ಣ ಮುಂದಿದ್ರ ತಾವಾಗೇ ಬರ್ತಾವ" ಎಂದು ನೀನು ಹೇಳಿದೆ. ನಾನು "ಭದ್ರ ಅದಾವ, ಅವ್ವಾ" ಅಂದೆ.

ಅಂದಿನಿಂದ ಅನ್ನ ಸೇರುತ್ತಿಲ್ಲ. ಗುರುವಾರ ಆ ಶಾಲೆಯಲ್ಲಿ ನೀನು ಮಕ್ಕಳ ಮುಂದೆ ನಿಂತು, ಮಾತು ಸಿಗದೆ ಖಾಲಿ ಗೋಡೆ ನೋಡುವುದನ್ನು ನೆನೆದು ಪೇಟೆಗೆ ಹೋದೆ. ಅಂಗಡಿಗಳಲ್ಲಿ ವಿಚಾರಿಸಿದೆ. ಈಗ ಸಿಗುವುದು ಪ್ಲಾಸ್ಟಿಕ್ ಚಾರ್ಟು, ಎಲ್ಲ ರಾಜರೂ ಅಂಚೆಚೀಟಿಯಷ್ಟು. ನಿನಗೆ ಬೇಕಾದದ್ದು ಗೋಡೆ ತುಂಬುವ ಒಂದು ಯುದ್ಧ.

ಅವು ನಿನಗೆ ಎಂಥವು ಎಂದು ನನಗಿಂತ ಬಲ್ಲವರಿಲ್ಲ. ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟು ನೀನು ವಾರವೆಲ್ಲ ನಾರಾಯಣಪುರದಲ್ಲಿರುತ್ತಿದ್ದೆ. ಶನಿವಾರ ಬರುವಾಗ ಕಂಕುಳಲ್ಲಿ ಸುರುಳಿ. ಭಾನುವಾರ ಮೈದಾ ಅಂಟು ಕಾಯಿಸಿ ಹರಿದ ಅಂಚು ಕೂಡಿಸುತ್ತ ಕೂಡುತ್ತಿದ್ದೆ. ನಾನು ಹತ್ತಿರ ಬಂದರೆ, "ಕೈ ತೊಳ್ಕೊಂಡು ಬಾ" ಎನ್ನುತ್ತಿದ್ದೆ. ತೊಳೆದುಕೊಂಡು ಬರುವಷ್ಟರಲ್ಲಿ ನೀನು ಪಟ ಸುತ್ತಿ ಎತ್ತಿಟ್ಟಿರುತ್ತಿದ್ದೆ. ಅದನ್ನು ನಾನೇನೂ ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ. ನೆನಪಾಯಿತು, ಬರೆದೆ.

ಒಂದು ಮಾತು ನಡೆಸಿಕೊಡು. ನಿನಗೆ ಆರಾಮಿಲ್ಲವೆಂದು ಬುದ್ಧಪ್ರಿಯನಿಗೆ ನಾನೇ ಹೇಳಿಬಿಡುತ್ತೇನೆ. ನೀನು ಹೂಂ ಅಂದರೆ ಸಾಕು, ಪಟಗಳ ಸುದ್ದಿ ನಮ್ಮಿಬ್ಬರಲ್ಲೇ ಉಳಿಯುತ್ತದೆ.

ಕ್ಷಮೆ ಕೇಳಲು ಮುಖವಿಲ್ಲದ
ನಿನ್ನ ರಾಧಿಕಾ

ತಾ.ಕ.: ಬಸವಂತ್ರಾಯ ಚಹಾ ಕುಡಿಯುತ್ತಿದ್ದಾನೆ, ಅಷ್ಟರೊಳಗೆ ಇದನ್ನೂ ಬರೆದುಬಿಡುತ್ತೇನೆ. ದಸರೆಯಲ್ಲಿ ನಾನು ಪಟಗಳನ್ನು ಮುಟ್ಟಿರಲಿಲ್ಲ. ಭದ್ರ ಅದಾವ ಎಂದು ಫೋನಿನಲ್ಲಿ ಹೇಳಿದಾಗ ಅವು ಭದ್ರವಾಗಿಯೇ ಇದ್ದವು. ನೆನೆಹಾಕಿದ್ದು ಮರುದಿನ. ಯಂಕಮ್ಮ ಬೇಡ ಬೇಡ ಎಂದಳು. ಮನೆಯಲ್ಲಿ ಬಟ್ಟೆಗೇನೂ ಬರವಿರಲಿಲ್ಲ. ಫೋನ್ ಮಾಡಿದ ದಿನ ನೀನು ಪಟಗಳಿಗೆ ಹುಳ ಬಿದ್ದಿದೆಯೇ, ಬಣ್ಣ ಮಾಸಿದೆಯೇ, ಸುತ್ತುವ ಕೋಲು ಮುರಿದಿದೆಯೇ ಎಂದು ಒಂದೊಂದನ್ನೂ ಕೇಳಿದೆ. ಇನ್ನು ನಾನು ಹೇಗಿದ್ದೇನೆಂದು ಕೇಳುತ್ತೀ ಎಂದು ಫೋನ್ ಕಿವಿಗೆ ಹಿಡಿದೇ ನಿಂತಿದ್ದೆ. ನೀನು ಇಟ್ಟುಬಿಟ್ಟೆ.