ಗುಡ್ಡದಿಂದ ಬಂದ ಕೂ

ಅಪ್ಪಾ,

ಇವತ್ತೂ ನಮ್ಮ ರಬ್ಬರ್ ಗುಡ್ಡದಿಂದ ಕೂ ಎಂದು ಕರೆಯುವುದು ಕೇಳಿತು. ಕಾವಲಿಯ ಮೇಲಿನ ದೋಸೆಯನ್ನು ಹಾಗೇ ಬಿಟ್ಟು ಓಡಿದೆ. ನಿಮ್ಮ ನಂತರ ಮರ ಕೆತ್ತಿ ಹಾಲು ಇಳಿಸುವ ಟ್ಯಾಪಿಂಗಿಗೆ ಬರುವ ಐತಪ್ಪಣ್ಣ ಮರಕ್ಕೊರಗಿ ಕೂತಿದ್ದರು.

"ಎಂತ ಮಾರಾಯ್ತಿ, ಚಾ ತಾ ಅಂತ ಕೂ ಹಾಕಿದ್ರೆ ಇವತ್ತೂ ಬರಿಗೈಯಲ್ಲಿ ಓಡಿ ಬರುದಾ?" ಎಂದು ನಕ್ಕರು.

ನೀವೂ ಚಾಕ್ಕೆ ಹೀಗೇ ಕೂ ಹಾಕುತ್ತಿದ್ದಿರಿ. ಆ ಬೆಳಿಗ್ಗೆ ಮೂರು ಸಲ ಹಾಕಿದಿರಿ. ಎಷ್ಟು ಅವಸರ ಇವರಿಗೆ ಎಂದುಕೊಂಡು, ನಾನು ಒಲೆಯ ಮುಂದಿನಿಂದ ಏಳದೆ ಮೂರು ಸಲವೂ ತಿರುಗಿ ಕೂ ಎಂದೆ. ಚಾ ತಂದಾಗ ನೀವು ಎದೆ ಹಿಡಿದುಕೊಂಡು ಮರದ ಬುಡದಲ್ಲಿ ಬಿದ್ದಿದ್ದಿರಿ. ಉಸಿರಿರಲಿಲ್ಲ.

ಅಡುಗೆಮನೆಯಿಂದ ಅಲ್ಲಿಗೆ ಓಡಿದರೆ ಎರಡು ನಿಮಿಷವೂ ಬೇಡ, ಅಪ್ಪಾ. ದಿನಾ ಓಡಿ ನೋಡುತ್ತಿದ್ದೇನೆ.

ಟೆಸ್ಸಿ