ನಲವತ್ತೊಂದನೇ ಮಳಿಗೆಯ ಬಿಳಿ ಬಟ್ಟೆ

ಥಾರ್ನ್‌ಬೆಕ್, ಲ್ಯಾಂಕಶೈರ್
26 ಜುಲೈ 2020, ಭಾನುವಾರ

ನಮ್ಮ ಕ್ಯಾತ್ಲೀನ್‌ಗೆ,

ಮೊದಲು ಖರ್ಚು ಹೇಳಿಬಿಡುತ್ತೇನೆ. ಪುರಸಭೆಗೆ ಮೂರು ಸಲ ಬಸ್ಸಿನಲ್ಲಿ ಹೋಗಿ ಬಂದದ್ದು ಹನ್ನೆರಡು ಪೌಂಡು. ಫೋನಿನಲ್ಲಿ ಕಾಯಿಸುವಾಗ ಅವರು ಹಾಕುವ ಪಿಟೀಲು ಕೇಳುತ್ತ ನಿಂತದ್ದಕ್ಕೆ ದುಡ್ಡಿಲ್ಲ, ಆದರೆ ಒಲೆಯ ಮೇಲಿನ ಆಲೂಗಡ್ಡೆ ಎರಡು ಸಲ ತಳ ಹಿಡಿಯಿತು. ಒಳಗಿನ ಸುದ್ದಿ ತಿಳಿಯಲೆಂದು ಕೌನ್ಸಿಲರ್ ಗಾರ್ಸೈಡ್‌ನ ಹೆಂಡತಿಗೆ ಕೊಟ್ಟ ಹಳೆಯ ಚೀಸ್ ಆರು ಪೌಂಡು. ಆಕೆ ತಿನ್ನುವುದಕ್ಕೆ ಮಾತ್ರ ಬಾಯಿ ತೆರೆದಳು. ಇದರ ಮೇಲೆ ಕ್ಲಿಫರ್ಡ್ ಜೊತೆ ಮೂರು ವಾರ ಮಾತು ಬಿಟ್ಟೆ. ಅದನ್ನು ಯಾವ ಬಾಬ್ತಿಗೆ ಹಾಕಬೇಕೋ ತಿಳಿಯದು.

ನಿನ್ನ ಮೊಣಕಾಲು ಹೇಗಿದೆ? ಮಾರ್ಚಿನಲ್ಲಿ ನಿನ್ನ ಭಾವ ಲೆನ್‌ನ ಮಣ್ಣಿಗೂ ಬರಲಾಗದಷ್ಟು ನೋವಿತ್ತಲ್ಲ, ಪಾಪ.

ಲಾಕ್‌ಡೌನ್ ಸಹಾಯಧನದ ಕಥೆ ಫೋನಿನಲ್ಲಿ ಅರ್ಧ ಕೇಳಿದ್ದೀಯ. ಬೀದಿಗೆ ಬಾಗಿಲಿರುವ ಅಂಗಡಿಗಳಿಗೆ ಸರಕಾರವೇ ಕೊಟ್ಟಿತು. ಮಾರುಕಟ್ಟೆಯೊಳಗೆ ಕೂರುವ ನಮ್ಮಂಥವರಿಗೆ ಪುರಸಭೆ ತನಗೆ ಸರಿ ಕಂಡಂತೆ ಕೊಡುತ್ತದಂತೆ, ಮಳಿಗೆಗೆ ಐದು ಸಾವಿರ ಪೌಂಡು. ಮಾರ್ಚ್ ಹನ್ನೊಂದರಂದು ಮಳಿಗೆ ನಮ್ಮ ಹೆಸರಿನಲ್ಲಿ ನಡೆಯುತ್ತಿರಬೇಕು, ಅಷ್ಟೇ. ಅಮ್ಮನ ಕಾಲದಿಂದ ನಲವತ್ತೊಂದನೇ ಮಳಿಗೆಯಲ್ಲಿ ಚೀಸ್ ಮಾರುವವರು ನಾವು. ಆದರೂ ನನಗೆ 'ಅರ್ಹರಲ್ಲ' ಎಂದು ಬಂತು. ಪಕ್ಕದಲ್ಲಿ ಗುಂಡಿ, ಜಿಪ್ಪು ಮಾರುವ ಕ್ಲಿಫರ್ಡ್‌ಗೆ ಹತ್ತು ಸಾವಿರ. ಲಾಕ್‌ಡೌನಿನ ಬಾಡಿಗೆ ಬಾಕಿ ಈ ತಿಂಗಳೊಳಗೆ ಕಟ್ಟದಿದ್ದರೆ ನನ್ನ ಜಾಗ ಮೊಬೈಲಿನ ಕವಚ ಮಾರುವವನಿಗೆ.

ನೀನೇ ಹೇಳು, ಅನುಮಾನ ಬರುತ್ತದೋ ಇಲ್ಲವೋ? ಗಾರ್ಸೈಡ್ ತನ್ನ ಕೋಟ್‌ಗೆ ಗುಂಡಿ ಕೊಳ್ಳುವುದು ಕ್ಲಿಫರ್ಡ್ ಹತ್ತಿರ. ಹೊಟ್ಟೆ ಅಷ್ಟಿದ್ದರೆ ಗುಂಡಿ ಎಷ್ಟು ಹಾರಬೇಕು, ಸ್ನೇಹ ಎಷ್ಟು ಬೆಳೆಯಬೇಕು. ಇದನ್ನು ಹೇಳಿದಾಗ ನೀನು, "ಕ್ಲಿಫರ್ಡ್ ಅಂಥೋನಲ್ಲ ಬಿಡೇ ಅಕ್ಕ" ಎಂದು ಅವನ ಪರ ನಿಂತೆ. ಆಗ ನಿನ್ನ ಮೇಲೂ ಸಿಟ್ಟು ಬಂತು.

ಮೂರನೇ ಸಲ ಹೋದಾಗ ಗಾಜಿನ ಹಿಂದಿನ ಹುಡುಗಿ ದಾಖಲೆ ತೆಗೆದು ನೋಡಿ, "ಅಮ್ಮಾ, ಹನ್ನೊಂದು ಬುಧವಾರ. ಬಾಡಿಗೆ ವಸೂಲಿಯವರು ಬಂದಾಗ ನಲವತ್ತೊಂದರ ಮೇಲೆ ಗುಂಡಿ ಡಬ್ಬ ಇದ್ವು. ಬಾಡಿಗೆ ದುಡ್ಡು ಕೊಟ್ಟೋರೂ ಗುಂಡಿಯವರೇ. ಎರಡು ಮಳಿಗೆನೂ ಅವರದ್ದೇ ಅಂತ ಬರ್ಕೊಂಡಿದ್ದಾರೆ" ಎಂದಳು.

ನಾನು ಬಸ್ಸು ಹತ್ತಿದೆ. ನಮ್ಮ ಮಾರುಕಟ್ಟೆಯ ರೀತಿ ನಿನಗೆ ಗೊತ್ತಲ್ಲ: ಸಾವಿನ ಮನೆಯವರ ಮಳಿಗೆಗೆ ಪಕ್ಕದವರು ಬಿಳಿ ಬಟ್ಟೆ ಹೊದಿಸುತ್ತಾರೆ, ಖಾಲಿ ಕಾಣಬಾರದೆಂದು ತಮ್ಮ ಸರಕು ಎರಡು ಇಡುತ್ತಾರೆ, ಆ ವಾರದ ಬಾಡಿಗೆ ತಾವೇ ಕೊಟ್ಟು ಬಾಯಿ ಮುಚ್ಚಿಕೊಂಡಿರುತ್ತಾರೆ. ಲೆನ್ ಹೋದದ್ದು ಎಂಟನೇ ತಾರೀಖು. ಕ್ಲಿಫರ್ಡ್ ಮಾಡಿದ ಉಪಕಾರವೇ ನನ್ನ ಮಳಿಗೆಯನ್ನು ಅವನ ಹೆಸರಿಗೆ ಬರೆಸಿತ್ತು.

ಆದರೆ ಉಪಕಾರ ಮಾಡಿದವನು ಹತ್ತು ಸಾವಿರ ಬಂದಾಗಲೂ ಬಾಯಿ ಮುಚ್ಚಿಕೊಂಡಿರಬೇಕೆ? ನೆಟ್ಟಗೆ ಹೋಗಿ ಕೇಳಿದೆ. ಅರವತ್ತನಾಲ್ಕರ ನನ್ನನ್ನು ಈಗಲೂ ಹುಡುಗಿ ಅನ್ನುವವನು ಅವನೊಬ್ಬನೇ. "ಏನ್ ಹುಡುಗೀ, ನಂಗೆ ಹತ್ತು ಬಂದಿದ್ದು ನೋಡಿ ಎಲ್ಲರಿಗೂ ಹತ್ತೇ ಅಂದ್ಕೊಂಡೆ. ನಿಂಗೂ ಬಂದಿರತ್ತೆ, ದುಡ್ಡು ಬಂದ ಮೇಲೆ ಮಾತು ಬಿಟ್ಟಿದ್ದಾಳೆ, ಜಂಬ ಅಂತ ಸುಮ್ಮನಿದ್ದೆ" ಎಂದ. ಜೀವನವಿಡೀ ಗುಂಡಿ ಎಣಿಸಿದವನಿಗೆ ಐದಕ್ಕೂ ಹತ್ತಕ್ಕೂ ವ್ಯತ್ಯಾಸ ತಿಳಿಯಲಿಲ್ಲವಂತೆ. ನಂಬಿದೆ ಎಂದು ಬರೆಯಲಾರೆ. ಸಂಜೆ ಐದು ಸಾವಿರ ಮನೆಗೇ ತಂದುಕೊಟ್ಟು, ಚಹಾ ಕುಡಿದು ಹೋದ. ಆ ವಾರದ ಬಾಡಿಗೆ ವಾಪಸ್ ಕೊಡಹೋದರೆ, "ಅದು ಲೆನ್‌ಗೆ ಕೊಟ್ಟಿದ್ದು, ನಿಂಗಲ್ಲ" ಎಂದ. ಆ ಒಂದು ಮಾತನ್ನು ಮಾತ್ರ ನಂಬಿದೆ. ಮರುದಿನ ಇಬ್ಬರೂ ಹೋಗಿ ಪುರಸಭೆಯ ದಾಖಲೆ ತಿದ್ದಿಸಿದೆವು. ಬಾಕಿ ಕಟ್ಟಿದೆ. ಮಂಗಳವಾರ ಮಳಿಗೆ ತೆರೆಯುತ್ತೇನೆ.

ನಿನ್ನ ಅಕ್ಕ, ಯಾರಿಗೂ ಒಂದು ಪೆನ್ನಿ ಬಾಕಿ ಇಲ್ಲದ
ನೊರೀನ್

ತಾ.ಕ.: ಕ್ಲಿಫರ್ಡ್ ದುಡ್ಡಿನ ಜೊತೆ, ಮಾರ್ಚಿನಲ್ಲಿ ಮಳಿಗೆಗೆ ಹೊದಿಸಿದ್ದ ಆ ಬಿಳಿ ಬಟ್ಟೆಯನ್ನೂ ತಂದಿದ್ದ. "ಇದು ನಿಂದೇ" ಎಂದ. ಬಿಚ್ಚಿ ನೋಡಿದರೆ ಅಮ್ಮನ ಮೇಜುಬಟ್ಟೆ, ಮೂಲೆಯಲ್ಲಿ ಲೆನ್‌ನ ತಂಬಾಕಿನ ಪೈಪು ಸುಟ್ಟ ಗುರುತು. ಕ್ರಿಸ್‌ಮಸ್‌ಗೆ ನೀನು ಕೇಳಿ ಒಯ್ದದ್ದು. ಇಸ್ತ್ರಿ ಮಾಡಿ, ಅಮ್ಮ ನಮಗಿಬ್ಬರಿಗೆ ಕಲಿಸಿದಂತೆ ಮೂರು ಮಡಿಕೆ ಮಾಡಿತ್ತು. ಕ್ಲಿಫರ್ಡ್‌ನ ಅಂಗಿ ನೋಡಿದವರಾರೂ ಅವನ ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಇದೆ ಎನ್ನಲಾರರು. ಮಾರ್ಚಿನಲ್ಲಿ ಮಾರುಕಟ್ಟೆಯವರೆಗೆ ಬಂದ ಮೊಣಕಾಲು ನನ್ನ ಮನೆ ಮೆಟ್ಟಿಲವರೆಗೆ ಯಾಕೆ ಬರಲಿಲ್ಲ, ಕ್ಯಾತ್ಲೀನ್? ಗಂಡನನ್ನು ಕಳೆದುಕೊಂಡವಳ ಎದುರು ಹೊಸ ಸುದ್ದಿ ಹೇಳಲು ನಾಚಿಕೆಯಾಯಿತೆ? ಮುಂದಿನ ಭಾನುವಾರ ಇಬ್ಬರೂ ಊಟಕ್ಕೆ ಬನ್ನಿ, ಕುರಿಮಾಂಸ, ಆಲೂಗಡ್ಡೆಯ ಹಾಟ್‌ಪಾಟ್ ಬೇಯಿಸುತ್ತೇನೆ. ಈಗ ಲೆಕ್ಕ ಮುಗಿಸುತ್ತೇನೆ. ಸಹಾಯಧನ ಹಂಚಿದನೆಂದು ಗಾರ್ಸೈಡ್‌ಗೆ ಪತ್ರಿಕೆಯಲ್ಲಿ ಫೋಟೊ, ಅವನ ಹೆಂಡತಿಗೆ ಚೀಸ್. ಕ್ಲಿಫರ್ಡ್‌ಗೆ ಐದು ಸಾವಿರ. ನನಗೆ ಐದು ಸಾವಿರ, ಮಳಿಗೆ, ಒಗೆದ ಮೇಜುಬಟ್ಟೆ. ನಿನಗೆ ಕ್ಲಿಫರ್ಡ್.